ಮಾತ್ರೆ ತಗೊಂಡ ದಿನ ನನ್ನ ಮೈಯನ್ನು ನಾನು ನಂಬುವುದಿಲ್ಲ

ನಾನಿರುವುದು ಡೊಂಬಿವಲಿಯಲ್ಲಿ, ಊರು ಧಾರವಾಡ. ದಾದರ್, ಮಾಟುಂಗಾ ಕಡೆಯ ನಾಲ್ಕು ಉಡುಪಿ ಹೋಟೆಲುಗಳ ಲೆಕ್ಕ ನೋಡಿಕೊಳ್ಳುತ್ತೇನೆ. 2019ರ ಮಳೆಗಾಲದಲ್ಲಿ ಡೆಂಗ್ಯೂ ಬಂತು. ಜ್ವರ ಎಂಟು ದಿನಕ್ಕೆ ಬಿಟ್ಟಿತು, ಸುಸ್ತು ಬಿಡಲಿಲ್ಲ.

ರಕ್ತ, ಥೈರಾಯ್ಡ್, ಬಿ12 ಎಲ್ಲಾ ನಾರ್ಮಲ್ ಬಂತು. ಒಬ್ಬ ಡಾಕ್ಟರು ವಾಕಿಂಗ್ ಮಾಡಿ, ದಿನಾ ಐದು ನಿಮಿಷ ಜಾಸ್ತಿ ಮಾಡ್ತಾ ಹೋಗಿ ಅಂದರು. ಮಾಡಿದೆ. ಮೂರನೇ ವಾರಕ್ಕೆ ಹಾಸಿಗೆ ಹಿಡಿದೆ. ಎರಡು ವರ್ಷ ಕಳೆದ ಮೇಲೆ ಸಿಕ್ಕ ಇನ್ನೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಕೆಲಸ ಮಾಡಿದ ದಿನ ಬೀಳ್ತೀರಾ, ಆಮೇಲೆ ಬೀಳ್ತೀರಾ?" ಆಮೇಲೆ ಅಂದೆ. ಒಂದು ದಿನ, ಕೆಲವು ಸಲ ಎರಡು ದಿನ ಬಿಟ್ಟು. ಅಷ್ಟು ವರ್ಷ ಯಾರೂ ಇದನ್ನು ಕೇಳಿರಲಿಲ್ಲ. ಕಾಯಿಲೆಗೆ ಹೆಸರು ಅವತ್ತು ಸಿಕ್ಕಿತು, ಕ್ರಾನಿಕ್ ಫಟೀಗ್ ಸಿಂಡ್ರೋಮ್, ಎಂಇ/ಸಿಎಫ್ಎಸ್ ಅಂತಲೂ ಬರೆಯುತ್ತಾರೆ. ದಿನಾ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆ ಈ ಕಾಯಿಲೆಗೆ ಕೊಡಬೇಡಿ ಅಂತ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲೇ ಹೇಳಿದೆ ಅಂತ ಅವರೇ ತಿಳಿಸಿದರು. ನನಗೆ ಅಲ್ಲೇ ಅಳು ಬಂತು.

ಮೈ ಸುಸ್ತಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ತಲೆಯ ಮಂಜು, ಅಂದರೆ ತಲೆ ಓಡದೆ ಮಬ್ಬಾಗುವುದು. ಜಿಎಸ್‌ಟಿಯಲ್ಲಿ ಪ್ರತಿ ತಿಂಗಳು ಎರಡು ತಾರೀಕು ಇದೆ, 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆಯ ರಿಟರ್ನು. ಒಂದೇ ಬಿಲ್ಲನ್ನು ಎರಡು ಸಲ ಹಾಕುತ್ತಿದ್ದೆ. 4,860 ಅಂತ ಓದಿ 4,680 ಅಂತ ಬರೆಯುತ್ತಿದ್ದೆ. ಕೆಲಸ ಬಿಡಬೇಕಾ ಅನ್ನುವ ಹೊತ್ತಿಗೆ ಆ ಡಾಕ್ಟರು ಮನೋವೈದ್ಯರ ಹತ್ತಿರ ಕಳಿಸಿದರು, ಅಲ್ಲಿ ಮೀಥೈಲ್‌ಫೆನಿಡೇಟ್ ಮಾತು ಬಂತು.

ಇದು ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಇರುವವರಿಗೆ ಕೊಡುವ ಮಾತ್ರೆ. ನಮ್ಮ ಕಾಯಿಲೆಗೆ ಅಂತ ಭಾರತದಲ್ಲಿ ಒಪ್ಪಿಗೆ ಪಡೆದ ಔಷಧಿ ಒಂದೂ ಇಲ್ಲ, ಇದೂ ಅಲ್ಲ. ಮನೋವೈದ್ಯರು ಅದನ್ನು ಮುಚ್ಚಿಡಲಿಲ್ಲ. 2006ರಲ್ಲಿ ಬೆಲ್ಜಿಯಂನಲ್ಲಿ 60 ಜನರಿಗೆ ದಿನಕ್ಕೆ ಎರಡು ಸಲ 10 ಮಿಲಿಗ್ರಾಂ ಕೊಟ್ಟು ನೋಡಿದ್ದರಂತೆ. ಸುಸ್ತು ನಿಜವಾಗಿ ಕಡಿಮೆಯಾಗಿದ್ದು ನೂರಕ್ಕೆ 17 ಜನರಿಗೆ ಮಾತ್ರ. "ನೀವು ಆ 17ರಲ್ಲಿ ಇರಬಹುದು, ಇಲ್ಲದೇ ಇರಬಹುದು" ಅಂದರು. ಇಸಿಜಿ ಮಾಡಿಸಿದರು, ಬಿಪಿ ನೋಡಿದರು, ಗೋಡೆಗೆ ಒರಗಿಸಿ ಹತ್ತು ನಿಮಿಷ ನಿಲ್ಲಿಸಿ ನಾಡಿ ಎಣಿಸಿದರು. 10ರ ಮಾತ್ರೆಯನ್ನು ಅರ್ಧ ಮಾಡಿ, ಬೆಳಗ್ಗೆ ಒಂದು ಸಲ. ಇದು ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿ, ಚೀಟಿ ಇಲ್ಲದೆ ಸಿಗಲ್ಲ, ಸಿಗಲೂಬಾರದು. ಯಾರದೋ ಮನೆಯಲ್ಲಿ ಉಳಿದದ್ದನ್ನು ಈಸಿಕೊಂಡು ನುಂಗುವುದಂತೂ ಬೇಡವೇ ಬೇಡ.

ಮೊದಲ ದಿನ ಶನಿವಾರ. ಎಂಟಕ್ಕೆ ಅರ್ಧ ಮಾತ್ರೆ ತಗೊಂಡೆ. ಒಂಬತ್ತರ ಹೊತ್ತಿಗೆ ಪರದೆಯ ಮೇಲಿನ ಅಂಕಿಗಳು ಅಲ್ಲಾಡದೆ ನಿಂತವು. ಹೇಗೆ ಹೇಳಲಿ, ಕನ್ನಡಕದ ಮೇಲಿನ ಆವಿ ಯಾರೋ ಒರೆಸಿದ ಹಾಗೆ. ಎರಡು ದಿನದ ಕೆಲಸ ಹನ್ನೊಂದಕ್ಕೆ ಮುಗೀತು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಾನು ಅಟ್ಟದ ಡಬ್ಬಿಗಳನ್ನೆಲ್ಲಾ ಇಳಿಸಿ ತೊಳೆದೆ, ಫಡಕೆ ರೋಡಿಗೆ ಹೋಗಿ ಹೂವು ತಂದೆ, ಲಿಫ್ಟ್ ಇಲ್ಲದ ಮೂರನೇ ಮಹಡಿ ಎಲ್ಲೂ ನಿಲ್ಲದೆ ಹತ್ತಿದೆ, ಸಂಜೆ ಜೋಳದ ಹಿಟ್ಟು ಕಲಸಿ ರೊಟ್ಟಿ ತಟ್ಟಲು ಕೂತೆ. ಎರಡು ವರ್ಷದ ಮೇಲೆ. ಆರು ರೊಟ್ಟಿ. ಗಂಡ ಮಾತಾಡದೆ ತಿಂದರು, ಕಣ್ಣು ತುಂಬಿತ್ತು.

ಭಾನುವಾರ ಚೆನ್ನಾಗೇ ಇದ್ದೆ. ಸೋಮವಾರ ಬೆಳಗ್ಗೆ ಪೇಸ್ಟಿನ ಮುಚ್ಚಳ ತಿರುಗಿಸಲು ಆಗಲಿಲ್ಲ. ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು. ಕಿಟಕಿಯ ಬೆಳಕು ತಡೆಯದೆ ಕಣ್ಣಿಗೆ ಟವೆಲ್ ಕಟ್ಟಿಕೊಂಡೆ. ಲೋಕಲ್ ಟ್ರೇನಿನ ಹಾರ್ನ್ ಕೇಳಿದರೆ ತಲೆಗೆ ಹೊಡೆದ ಹಾಗಾಗುತ್ತಿತ್ತು. ಒಂಬತ್ತು ದಿನ ಹಾಗೇ ಬಿದ್ದಿದ್ದೆ.

ಆ ಒಂಬತ್ತು ದಿನದಲ್ಲಿ ಒಂದು ವಿಷಯ ಅರ್ಥವಾಯಿತು. ಮಾತ್ರೆ ನನ್ನ ಸುಸ್ತನ್ನು ತೆಗೆದಿರಲಿಲ್ಲ, ಸುಸ್ತು ನನಗೆ ಗೊತ್ತಾಗದ ಹಾಗೆ ಮಾಡಿತ್ತು. ಶಕ್ತಿ ಇದ್ದದ್ದು ಅಷ್ಟೇ. ಸಾಕು ಅಂತ ಹೇಳುವ ಮೈಯ ದನಿ ಮಾತ್ರ ನಿಂತಿತ್ತು. ಪೇಸಿಂಗ್ ಅಂದರೆ ಆ ದನಿಯನ್ನು ಕೇಳಿಕೊಂಡು, ಪೂರ್ತಿ ಸುಸ್ತಾಗುವ ಮೊದಲೇ ನಿಲ್ಲಿಸುವುದು ಅಲ್ವಾ? ದನಿಯೇ ಇಲ್ಲ ಅಂದಮೇಲೆ ಹೊರಗಿನ ಅಳತೆ ಬೇಕು.

ಹಾಗಾಗಿ ಈಗ ಗಡಿಯಾರ ನೋಡಿ ಕೆಲಸ. 25 ನಿಮಿಷ ಲೆಕ್ಕ, 20 ನಿಮಿಷ ಕಣ್ಣು ಮುಚ್ಚಿ ಮಲಗುವುದು, ಹೀಗೆ ಮೂರು ಸಲ ಮಾತ್ರ. ನಾಲ್ಕನೆಯದು ಮಾಡಬಹುದು ಅನ್ನಿಸುತ್ತದೆ, ಪ್ರತಿ ಸಲ ಅನ್ನಿಸುತ್ತದೆ, ಮಾಡುವುದಿಲ್ಲ. ಮಲಗಿದಾಗ ನಿದ್ದೆ ಬರಲ್ಲ, ಮಾತ್ರೆ ಒಳಗೆ ಕುಣೀತಾ ಇರುತ್ತದೆ, ಆದರೂ ಸುಮ್ನೆ ಮಲಗಿರುತ್ತೇನೆ.

ನಾಡಿಯ ಲೆಕ್ಕದಲ್ಲಿ ಮೊದಲು ಮೋಸ ಹೋದೆ. ಬೆಳಗ್ಗೆ ಎದ್ದಾಗಿನ ನಾಡಿಗೆ 15 ಸೇರಿಸಿ, ಅದನ್ನು ದಾಟದ ಹಾಗೆ ಇರಬೇಕು ಅಂತ ನಮ್ಮಂಥವರು ಬಹಳ ಜನ ಪಾಲಿಸುತ್ತಾರೆ. ನನ್ನದು 72, ಅಂದರೆ 87. ಆದರೆ ಮಾತ್ರೆ ತಗೊಂಡರೆ ಕೂತಲ್ಲೇ 82 ಆಗುತ್ತದೆ. ಹಾಗಾದರೆ 97ರವರೆಗೆ ಹೋಗಬಹುದು ಅಂತ ಲೆಕ್ಕ ಹಾಕಿಕೊಂಡು ಎರಡು ಸಲ ಬಿದ್ದೆ. ಈಗ ಮಾತ್ರೆ ಇಲ್ಲದ ದಿನದ 72ನ್ನೇ ಹಿಡಿಯುತ್ತೇನೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರು ಬೆರಳಿಗೆ ಹಾಕಿಕೊಂಡರೆ, ಎದ್ದು ನೀರು ಕುಡಿದು ಬರುವಷ್ಟರಲ್ಲಿ 87 ದಾಟಿರುತ್ತದೆ. ಅದಕ್ಕೇ ಮಾತ್ರೆಯ ದಿನ ದಿಂಬಿಗೆ ಒರಗಿ, ಕಾಲು ಚಾಚಿ, ತಲೆಯ ಕೆಲಸ ಮಾತ್ರ. ಅಡುಗೆ ಇಲ್ಲ, ಮೆಟ್ಟಿಲು ಇಲ್ಲ, ಸ್ನಾನವೂ ಹಿಂದಿನ ದಿನವೇ.

ದಿನಾ ತಗೊಳ್ಳುವುದಿಲ್ಲ. ಮನೋವೈದ್ಯರ ಜೊತೆ ಕೂತು ತಿಂಗಳಿಗೆ ಆರು ದಿನ ಅಂತ ಗೊತ್ತು ಮಾಡಿಕೊಂಡೆವು, 11ರ ಹಿಂದೆ ಮೂರು, 20ರ ಹಿಂದೆ ಮೂರು. ಇದೇ ಸರಿ ಅಂತ ಎಲ್ಲರಿಗೂ ಹೇಳಲಾರೆ, ನನ್ನ ಕೆಲಸಕ್ಕೆ ಹೊಂದುತ್ತದೆ ಅಷ್ಟೇ. ಆ ದಿನ ಕಾಫಿ ಬಂದ್. ಧಾರವಾಡದವಳಿಗೆ ಚಹಾ ಬಿಡುವುದೂ ಕಷ್ಟ, ಆದರೆ ಮಾತ್ರೆಯ ಜೊತೆ ಇವು ಸೇರಿದರೆ ಎದೆ ಡವಡವ ಅನ್ನುತ್ತದೆ. ಹಸಿವು ಆಗಲ್ಲ, ಆದ್ದರಿಂದ ಮಾತ್ರೆಗೆ ಮೊದಲೇ ಉಪ್ಪಿಟ್ಟೋ ಅವಲಕ್ಕಿಯೋ ತಿಂದುಬಿಡುತ್ತೇನೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅದರ ಬಲ ಇಳಿಯುತ್ತದೆ. ಆಗ ಸುಮ್ಸುಮ್ನೆ ಸಿಟ್ಟು ಬರುತ್ತದೆ, ಮನೆಯವರಿಗೆ ಗೊತ್ತು, ಆ ಒಂದು ಗಂಟೆ ಯಾರೂ ಏನೂ ಕೇಳುವುದಿಲ್ಲ. ಎರಡನೇ ಮಾತ್ರೆ ಒಂದೇ ಸಲ ತಗೊಂಡು ನೋಡಿದ್ದು, ರಾತ್ರಿ ಮೂರರವರೆಗೆ ಫ್ಯಾನು ನೋಡುತ್ತಾ ಮಲಗಿದ್ದೆ. ನಿದ್ದೆ ಕೆಟ್ಟರೆ ನಮಗೆ ಎಲ್ಲಾ ಕೆಟ್ಟ ಹಾಗೆ.

ನಾಲ್ಕು ಹೋಟೆಲು ಇದ್ದದ್ದು ಈಗ ಮೂರು. ಒಂದನ್ನು ನಾನೇ ಬಿಟ್ಟೆ. ಬಿಲ್ಲುಗಳು ಫೋನಿಗೆ ಬರುತ್ತವೆ, ಮಾಟುಂಗಾಕ್ಕೆ ಹೋಗಿ ವರ್ಷದ ಮೇಲಾಯಿತು.

ಶ್ರಾವಣದಲ್ಲಿ ಅಮ್ಮ ಪಂಚಮಿ ಉಂಡಿ ಕಟ್ಟಿಕೊಂಡು ಬರುತ್ತಾಳೆ. ಒಂದು ಮಾತ್ರೆ ತಗೊಂಡು ಅಮ್ಮನ ಜೊತೆ ಓಡಾಡು ಅಂತ ತಂಗಿ ಪ್ರೀತಿಯಿಂದಲೇ ಹೇಳುತ್ತಾಳೆ. ಆ ನಾಲ್ಕು ದಿನ ಡಬ್ಬಿ ಮುಟ್ಟುವುದಿಲ್ಲ. ಅಮ್ಮ ಊರಿನ ಸುದ್ದಿ ಹೇಳುವಾಗ ನನಗೆ ಸುಸ್ತಾದರೆ, ಸುಸ್ತಾಯಿತು ಅಂತ ನನಗೆ ಗೊತ್ತಾಗಬೇಕು. ಅವಳ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತೇನೆ, ಅವಳು ಹೇಳುತ್ತಾ ಇರಲಿ.