ಸ್ಕ್ಯಾನ್‌ನಲ್ಲಿ ಗೊತ್ತಿಲ್ಲದ ಫೈಲ್ ಕಂಡರೆ ತಕ್ಷಣ ಅಳಿಸಬೇಡಿ

ವರ್ಡ್‌ಪ್ರೆಸ್ ಸೈಟ್ ಇರುವವರಿಗೆ ಒಂದು ಮಾತು. ಸೆಕ್ಯುರಿಟಿ ಸ್ಕ್ಯಾನ್ ‘ಅಪರಿಚಿತ ಫೈಲ್’ ಎಂದು ತೋರಿಸಿದರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಅದರರ್ಥ ಇಷ್ಟೇ: ಈ ಫೈಲ್ ವರ್ಡ್‌ಪ್ರೆಸ್‌ನ ಮೂಲ ಪ್ರತಿಯಲ್ಲಿಲ್ಲ. ವೈರಸ್ಸೇ ಆಗಬೇಕೆಂದಿಲ್ಲ. ಎಷ್ಟೋ ಸಲ ಅದು ಎರರ್ ಲಾಗ್ (ಸೈಟ್‌ನ ದೋಷಗಳು ದಾಖಲಾಗುವ ಫೈಲ್), ಇಲ್ಲವೇ ಹಳೆಯ ಆವೃತ್ತಿಯಿಂದ ಉಳಿದುಹೋದ ಫೈಲ್. ನಾನೊಮ್ಮೆ ಗಾಬರಿಯಲ್ಲಿ ಪಿಎಚ್‌ಪಿಯ (ವರ್ಡ್‌ಪ್ರೆಸ್ ನಡೆಯುವ ಕೋಡ್ ಭಾಷೆ) ಸೆಟ್ಟಿಂಗ್ ಫೈಲನ್ನೇ ಅಳಿಸಿ, ದೊಡ್ಡ ಫೋಟೊ ಅಪ್‌ಲೋಡ್ ಆಗದೆ ಸುಮ್ನೆ ಒದ್ದಾಡಿದ್ದೆ!

ಮೊದಲು ಫೈಲ್ ಯಾವ ಫೋಲ್ಡರ್‌ನಲ್ಲಿದೆ, ಯಾವಾಗ ಬದಲಾಗಿದೆ ನೋಡಿ. ಅಪ್‌ಲೋಡ್ಸ್ ಫೋಲ್ಡರ್ ಇರುವುದು ಫೋಟೊ, ಪಿಡಿಎಫ್‌ಗಳಿಗೆ. ಅಲ್ಲಿ ಪಿಎಚ್‌ಪಿ ಫೈಲ್ ಕಂಡರೆ ತೆರೆದು ನೋಡಿ. ಹೆಚ್ಚುಕಡಿಮೆ ಖಾಲಿಯಾದ ಇಂಡೆಕ್ಸ್ ಫೈಲ್ ಆದರೆ ಪರವಾಗಿಲ್ಲ, ಕೆಲವು ಪ್ಲಗಿನ್‌ಗಳು ಇಡುತ್ತವೆ. ಒಳಗೆ ‘ಇವ್ಯಾಲ್’ (eval), ‘ಬೇಸ್64’ (base64) ಎಂಬ, ಕೋಡನ್ನು ಮರೆಮಾಡಿ ಓಡಿಸಲು ಹ್ಯಾಕರ್‌ಗಳು ಬಳಸುವ ಪದಗಳು, ತಲೆಬುಡ ತಿಳಿಯದ ಉದ್ದುದ್ದ ಸಾಲು ಇದ್ದರೆ ಅನುಮಾನ ಪಡಲೇಬೇಕು. ಬ್ಯಾಕಪ್ ತೆಗೆದುಕೊಂಡು ಆಮೇಲೆ ಅಳಿಸಿ, ಪಾಸ್‌ವರ್ಡ್‌ಗಳನ್ನೂ ಬದಲಿಸಿ.