ಲೈಮ್ ಟೆಸ್ಟ್ ಪಾಸಿಟಿವ್ ಬಂದರೆ ನಾನು ಮೊದಲು ನೋಡುವುದು ಮೂತ್ರ

ಲೈಮ್ ಅಂದರೆ ಉಣ್ಣೆ ಕಚ್ಚಿದಾಗ ನಾಯಿಗೆ ದಾಟುವ ಬೊರೇಲಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ರಕ್ತ ಪರೀಕ್ಷೆಯ ಕಿಟ್‌ನಲ್ಲಿ ಲೈಮ್‌ನ ಚುಕ್ಕೆ ನೀಲಿ ಆಯ್ತು ಅಂದರೆ ನಾಯಿ ತಂದವರ ಮುಖ ಬಾಡುತ್ತದೆ. ಆ ಚುಕ್ಕೆ ತೋರಿಸುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಅಂತ ಮೊದಲು ಹೇಳುತ್ತೇನೆ. ಪಾಸಿಟಿವ್ ಬಂದ ನಾಯಿಗಳಲ್ಲಿ ಹೆಚ್ಚಿನವು ಕಾಯಿಲೆ ಬೀಳುವುದೇ ಇಲ್ಲ.

ಹಾಗಂತ ಪ್ರತಿಕಾಯ ಇದ್ದರೆ ಸೋಂಕು ಹೋಯ್ತು ಅಂತಲೂ ಅಲ್ಲ. ಬೊರೇಲಿಯಾ ತನ್ನ ಮೈಮೇಲಿನ ಒಂದು ಪ್ರೋಟೀನನ್ನು ಬದಲಿಸುತ್ತಲೇ ಇರುತ್ತದೆ. ದೇಹ ಒಂದು ರೂಪಕ್ಕೆ ಪ್ರತಿಕಾಯ ಮಾಡುವಷ್ಟರಲ್ಲಿ ಅದು ಇನ್ನೊಂದು ರೂಪದಲ್ಲಿರುತ್ತದೆ. ಆ ಪ್ರೋಟೀನಿನಲ್ಲಿ ಅಷ್ಟಾಗಿ ಬದಲಾಗದ ತುಣುಕೇ ಸಿ6. ನಾನು ಬಳಸುವ ಕಿಟ್ ಹುಡುಕುವುದು ಅದರ ಪ್ರತಿಕಾಯವನ್ನೇ. ಲಸಿಕೆಯಿಂದ ಇದು ಹುಟ್ಟುವುದಿಲ್ಲ, ಹಾಗಾಗಿ ಲಸಿಕೆ ಹಾಕಿದ ನಾಯಿಯಲ್ಲೂ ಗೊಂದಲ ಇಲ್ಲ.

ಲಸಿಕೆಯ ಕೆಲಸವೇ ಬೇರೆ ಥರ. ಲಸಿಕೆಯಿಂದ ನಾಯಿಯ ರಕ್ತದಲ್ಲಿ ಬೊರೇಲಿಯಾದ ಓಎಸ್‌ಪಿ-ಎ ಎಂಬ ಪ್ರೋಟೀನಿನ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು ಉಣ್ಣೆ ರಕ್ತದ ಜೊತೆ ಹೀರಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ನಾಯಿಗೆ ದಾಟುವ ಮೊದಲೇ ಉಣ್ಣೆಯ ಹೊಟ್ಟೆಯಲ್ಲೇ ಏಟು ತಿನ್ನುತ್ತದೆ. ನನಗೆ ಈಗಲೂ ಇದು ಸೋಜಿಗವೇ.

ಕುಂಟುತ್ತಾ ಬಂದ ನಾಯಿಯಲ್ಲಿ ಊದಿದ ಕೀಲಿಗೆ ಸೂಜಿ ಹಾಕಿ ಒಂದೆರಡು ಹನಿ ತೆಗೆಯುತ್ತೇನೆ. ಆರೋಗ್ಯವಾದ ಕೀಲಿನ ದ್ರವ ಜೇನಿನ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಇವುಗಳದ್ದು ನೀರು ನೀರು, ಸ್ವಲ್ಪ ಮಬ್ಬು. ಸ್ಲೈಡ್ ನೋಡಿದರೆ ತುಂಬಾ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೇ. ಬೊರೇಲಿಯಾ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಇರುವ ಕೆಲವೇ ಬ್ಯಾಕ್ಟೀರಿಯಾಗಳ ಮೇಲೆ ದೇಹ ಇಷ್ಟೊಂದು ಬಿಳಿ ರಕ್ತಕಣ ಕಳಿಸಿರುತ್ತದೆ. ನೋವು, ಊತ ಬಹುಪಾಲು ಅದರದ್ದೇ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಶುರು ಮಾಡಿದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಕುಂಟು ಕಮ್ಮಿಯಾಗುತ್ತದೆ. ಕೋರ್ಸ್ ಮಾತ್ರ 4 ವಾರ, ಮಧ್ಯೆ ಬಿಡಬಾರದು.

ನನಗೆ ಜಾಸ್ತಿ ಭಯ ಕಿಡ್ನಿಯದ್ದು. ಪ್ರತಿಕಾಯ ಮತ್ತು ಬ್ಯಾಕ್ಟೀರಿಯಾದ ಪ್ರೋಟೀನು ಅಂಟಿಕೊಂಡ ಗಂಟುಗಳು ಸೋಸುವ ಜಾಗದಲ್ಲಿ ಕೂತು ಉರಿಯೂತ ಎಬ್ಬಿಸುತ್ತವೆ. ಎಲ್ಲ ನಾಯಿಗೂ ಹೀಗಾಗಲ್ಲ, ಆದರೆ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಹೆಚ್ಚು. ನಾಯಿ ಆಟವಾಡಿಕೊಂಡೇ ಇರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿರುತ್ತದೆ! ಅದಕ್ಕೇ ಪಾಸಿಟಿವ್ ಬಂದ ಪ್ರತಿ ನಾಯಿಯ ಮೂತ್ರ ಕೇಳುತ್ತೇನೆ. ಪ್ರೋಟೀನ್ ಎಷ್ಟು ಸೋರುತ್ತಿದೆ ಅಂತ ತೋರಿಸುವ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ 0.5 ದಾಟಿದರೆ ಮತ್ತೆ ಪರೀಕ್ಷೆ ಮಾಡಿಸುತ್ತೇನೆ, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಮತ್ತು ಬಿಪಿಯನ್ನೂ ನೋಡುತ್ತೇನೆ.

ಮೂತ್ರ ಚೆನ್ನಾಗಿದ್ದು, ಕುಂಟೂ ಇಲ್ಲದಿದ್ದರೆ? ಸುಮ್ನೆ ಆಂಟಿಬಯಾಟಿಕ್ ಬರೆಯುವುದಿಲ್ಲ. ಉಣ್ಣೆಗೆ ಔಷಧಿ ಬರೆದು, ಕೆಲವು ತಿಂಗಳಿಗೊಮ್ಮೆ ಮೂತ್ರ ತರಲು ಹೇಳುತ್ತೇನೆ. ಚಿಕಿತ್ಸೆ ಕೊಟ್ಟ ನಾಯಿಯಾದರೆ ಮೊದಲ ದಿನವೇ ಸಿ6 ಪ್ರತಿಕಾಯ ಎಷ್ಟಿದೆ ಅಂತ ಅಳೆಸಿಟ್ಟು, 6 ತಿಂಗಳ ನಂತರ ಮತ್ತೆ ಅಳೆಸುತ್ತೇನೆ. ಅರ್ಧಕ್ಕೆ ಇಳಿದಿದ್ದರೆ ಔಷಧಿ ಹಿಡಿದಿದೆ ಅಂತ. ಕಿಟ್‌ನ ಚುಕ್ಕೆ ಆಗಲೂ ನೀಲಿಯಾಗೇ ಇರಬಹುದು ಅಂತ ಮನೆಯವರಿಗೆ ಮೊದಲೇ ಹೇಳಿಟ್ಟಿರುತ್ತೇನೆ.