ಲೇಸಿಕ್ ಆದ ಕಣ್ಣಿಗೆ ಲೆನ್ಸ್ ಪವರ್ ಹುಡುಕಿದ್ದು

ಪೊರೆ ತೆಗೆಸಿ ಕೃತಕ ಲೆನ್ಸ್ ಹಾಕಿಸಿಕೊಳ್ಳಲು ಬಂದವರನ್ನು "ಕಣ್ಣಿಗೆ ಹಿಂದೆ ಆಪರೇಷನ್ ಆಗಿದೆಯೇ?" ಎಂದರೆ "ಇಲ್ಲ ಡಾಕ್ಟರೇ" ಎನ್ನುತ್ತಾರೆ. ಸುಳ್ಳಲ್ಲ, ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆಯಾದ ಲೇಸಿಕ್ ಅವರ ಲೆಕ್ಕದಲ್ಲಿ ಆಪರೇಷನ್ನೇ ಅಲ್ಲ. ಹಾಗಾಗಿ ಈಗ ನಾನು ಕೇಳುವುದೇ ಬೇರೆ: "ಕಾಲೇಜಿನ ಫೋಟೊದಲ್ಲಿ ಕನ್ನಡಕ ಇದೆಯೇ?"

ಈ ಪ್ರಶ್ನೆ ಪೆಟ್ಟು ತಿಂದು ಕಲಿತದ್ದು. ವೃತ್ತಿಯ ಆರಂಭದಲ್ಲಿ ಲೇಸಿಕ್ ಆಗಿದ್ದ ಒಬ್ಬರಿಗೆ ಯಂತ್ರ ತೋರಿಸಿದ ಪವರ್‌ನ ಲೆನ್ಸನ್ನೇ ಕೂರಿಸಿದೆ. ಪೊರೆ ಚೆನ್ನಾಗಿಯೇ ಹೋಯಿತು, ಆದರೆ ಕಣ್ಣಿನಲ್ಲಿ +2 ಪವರ್ ಉಳಿಯಿತು. ದೂರವೂ ಮಸುಕು, ಹತ್ತಿರ ಇನ್ನೂ ಮಸುಕು.

ಮೈನಸ್ ತೆಗೆಯುವ ಲೇಸರ್, ಕಣ್ಣಿನ ಮುಂದಿನ ಪಾರದರ್ಶಕ ಪರದೆಯಾದ ಕಾರ್ನಿಯಾದ ಮುಂಭಾಗವನ್ನು ಮಾತ್ರ ಚಪ್ಪಟೆ ಮಾಡುತ್ತದೆ. ಕಾರ್ನಿಯಾದ ಬಾಗು ಅಳೆಯುವ ಕೆರಟೋಮೀಟರ್ ಮುಂಭಾಗವನ್ನಷ್ಟೇ ಅಳೆದು, 1.3375 ಎಂಬ ಸಿದ್ಧ ವಕ್ರೀಭವನ ಸೂಚ್ಯಂಕದ ಮೇಲೆ ಹಿಂಭಾಗವನ್ನು ಊಹಿಸುತ್ತದೆ. ಲೇಸರ್ ಆದ ಕಣ್ಣಿನಲ್ಲಿ ಆ ಊಹೆ ಕೆಟ್ಟು, ಕಾರ್ನಿಯಾದ ಪವರ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಸಾಲದ್ದಕ್ಕೆ, ಕಾರ್ನಿಯಾ ಚಪ್ಪಟೆಯಿದ್ದರೆ ಲೆನ್ಸ್ ಕಣ್ಣಿನೊಳಗೆ ಮುಂದೆ ಕೂರುತ್ತದೆ ಎಂದು ಎಸ್‌ಆರ್‌ಕೆ/ಟಿಯಂಥ, ಲೆನ್ಸ್ ಪವರ್ ಲೆಕ್ಕ ಹಾಕುವ ಸೂತ್ರಗಳು ನಂಬಿವೆ. ಎರಡು ತಪ್ಪುಗಳೂ ಒಂದೇ ದಿಕ್ಕಿಗೆ ಎಳೆದು, ಬೇಕಾದುದಕ್ಕಿಂತ ಕಡಿಮೆ ಪವರ್‌ನ ಲೆನ್ಸ್ ಕೈಗೆ ಬರುತ್ತದೆ. ಪ್ಲಸ್ ತೆಗೆಸಿಕೊಂಡವರಲ್ಲಿ ಇದು ತಿರುಗುಮುರುಗು.

ಈಚೆಗೆ ಬಂದವರು 54 ವರ್ಷದ ಸಾಫ್ಟ್‌ವೇರ್ ಉದ್ಯೋಗಿ. ಕಣ್ಣಿನ ಉದ್ದ 27.1 ಮಿ.ಮೀ., ಕಾರ್ನಿಯಾದ ಪವರ್ 37.8. ಇಷ್ಟು ಚಪ್ಪಟೆ ಕಾರ್ನಿಯಾ ನೋಡಿದಾಗಲೇ ಅನುಮಾನ ಬಂತು. ಫೋಟೊ ಪ್ರಶ್ನೆಗೆ ನಕ್ಕು, "ಸೋಡಾ ಬುಡ್ಡಿ!" ಎಂದರು. ಹಳೆಯ ದಾಖಲೆ ಏನೂ ಸಿಗಲಿಲ್ಲ. ಕಣ್ಣು ಒಣಗಿತ್ತು, ಹಾಗಿದ್ದರೆ ಅಳತೆ ನಂಬಲಾಗದು; ಎರಡು ವಾರ ಕೃತಕ ಕಣ್ಣೀರಿನ ಹನಿ ಹಾಕಿಸಿ ಮತ್ತೆ ಅಳೆದೆ. ಈ ಎರಡು ವಾರ ಕಾಯಲು ರೋಗಿಗೆ ಬೇಸರ, ಆದರೂ ನಾನು ಬಿಡುವುದಿಲ್ಲ.

ಎಸ್‌ಆರ್‌ಕೆ/ಟಿ 17 ಎಂದಿತು. ಲೇಸರ್ ಆದ ಕಣ್ಣಿಗೆಂದೇ ಇರುವ, ಹಳೆಯ ದಾಖಲೆ ಬೇಡದ ಸೂತ್ರಗಳಲ್ಲಿ ಬ್ಯಾರೆಟ್ ಟ್ರೂ-ಕೆ 19.5 ಎಂದಿತು, ಹೈಗಿಸ್-ಎಲ್ 20. ಮೊದಲನೆಯದನ್ನು ಬದಿಗಿಟ್ಟೆ. ತಪ್ಪಿದರೆ ಮೈನಸ್ ಕಡೆಗೇ ತಪ್ಪಲಿ ಎಂದು −0.5 ಗುರಿಯಿಟ್ಟು 20 ಆರಿಸಿದೆ. ಸ್ವಲ್ಪ ಮೈನಸ್ ಉಳಿದರೆ ಮೊಬೈಲ್ ಆದರೂ ಬರಿಗಣ್ಣಿಗೆ ಕಾಣುತ್ತದೆ. ಅವರಿಗೆ ದೂರ, ಹತ್ತಿರ ಎರಡನ್ನೂ ಕಾಣಿಸುವ ಮಲ್ಟಿಫೋಕಲ್ ಲೆನ್ಸ್ ಬೇಕಿತ್ತು, ನಾನು ಒಪ್ಪಲಿಲ್ಲ. ಲೇಸರ್ ಆದ ಕಾರ್ನಿಯಾದ ಮೇಲೆ ಅದನ್ನೂ ಹೇರಿದರೆ ರಾತ್ರಿ ದೀಪಗಳ ಸುತ್ತ ಬಳೆ ಕಾಣುತ್ತದೆಂಬ ದೂರು ಖಾತ್ರಿ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ತಪ್ಪಬಹುದು, ಕನ್ನಡಕವೋ ಲೆನ್ಸ್ ಬದಲಾವಣೆಯೋ ಬೇಕಾಗಬಹುದು ಎಂದು ಮೊದಲೇ ಬರೆದು ಸಹಿ ಹಾಕಿಸಿಕೊಂಡೆ.

ಒಂದು ತಿಂಗಳ ನಂತರ ನೋಡಿದಾಗ −0.25. ಎರಡನೇ ಕಣ್ಣಿನ ಲೆಕ್ಕಕ್ಕೆ ಬಂದ ದಿನ ಅವರ ಹೆಂಡತಿ ಬೀರುವಿನಿಂದ ಹುಡುಕಿ ತೆಗೆದ ಕನ್ನಡಕದ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟರು: ಎರಡೂ ಕಣ್ಣಿಗೆ −8.